ಪೂಜೆಯ ನಂತರದ ಒಂಬತ್ತು ಗಂಟೆ

2001ರ ಅಕ್ಟೋಬರ್ 29, ಸೋಮವಾರ. ಬೆಳಗ್ಗೆ 11.10ಕ್ಕೆ ಠಾಣೆಗೆ ಬಂದ ದೂರು ಮೂರು ಪ್ರತಿಯಲ್ಲಿತ್ತು, ಮೂರಕ್ಕೂ ಮೊಹರು ಬಿದ್ದಿತ್ತು. ತಂದವರು ಶಿವಮೊಗ್ಗದ ಹೊರವಲಯದ ಇಂಜಿನಿಯರಿಂಗ್ ಕಾಲೇಜೊಂದರ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ವಿಶ್ವಾರಾಧ್ಯ. ಕುರ್ಚಿಯಲ್ಲಿ ಕೂತ ಮೇಲೂ ಅವರು ತೊಡೆಯ ಮೇಲಿದ್ದ ಬ್ರೀಫ್‌ಕೇಸನ್ನು ಇಳಿಸಲಿಲ್ಲ.

ಇನ್ಸ್‌ಪೆಕ್ಟರ್ ಪರಮೇಶ್ವರಪ್ಪ ಎರಡನೇ ಪುಟದ ಕೊನೆಯ ಸಾಲಿನವರೆಗೆ ಓದಿ, ಕಾಗದವನ್ನು ಸಬ್‌ಇನ್ಸ್‌ಪೆಕ್ಟರ್ ತನುಜಾಳ ಕಡೆಗೆ ತಳ್ಳಿದರು.

"ಅನುಮಾನ ಒಂದು ಹುಡುಗಿ ಮೇಲಂತೆ. ಹೆಂಗಸಿನ ವಿಚಾರ, ನೀವೇ ನೋಡ್ಕೊಳ್ಳಿ."

ಹನ್ನೊಂದು ವರ್ಷದ ಸರ್ವೀಸಿನಲ್ಲಿ ತನುಜಾ ಈ ಮಾತನ್ನು ಎಷ್ಟು ಸಲ ಕೇಳಿದ್ದಳೋ. ವರದಕ್ಷಿಣೆ, ಓಡಿಹೋದ ಹುಡುಗಿ, ಮೆರವಣಿಗೆಯಲ್ಲಿ ಹೆಂಗಸರ ಸಾಲಿಗೆ ಹಗ್ಗ ಹಿಡಿಯುವುದು. ಕಳ್ಳತನದ ಕೇಸು ಬೇಕೆಂದು ಅವಳೇ ಬಾಯಿಬಿಟ್ಟು ಕೇಳಿದ್ದುಂಟು. ಕೊನೆಗೊಂದು ಬಂತು, ಅದೂ ಈ ಹಿತ್ತಲ ಬಾಗಿಲಿನಿಂದ.

ಕಳುವಾದದ್ದು ಒಂದು ಎಕ್ಸ್-ರೇ ಟ್ಯೂಬು. ಮೂಳೆ ನೋಡುವ ಯಂತ್ರದ್ದಲ್ಲ. ಲೋಹ, ಅದಿರಿನ ಪುಡಿಯ ಒಳರಚನೆ ಹೇಗಿದೆಯೆಂದು ಅಳೆಯುವ ಯಂತ್ರದ್ದು. ಜಿಲ್ಲೆಗೆಲ್ಲ ಅದೊಂದೇ. ದೆಹಲಿಯ ಇಲಾಖೆಯೊಂದು ಏಳು ವರ್ಷದ ಹಿಂದೆ ಅನುದಾನ ಕೊಟ್ಟಿತ್ತು. ಯಂತ್ರ ಒಂದು ಕಡೆ ಇರಬೇಕು, ಸುತ್ತಿನ ಐದು ಕಾಲೇಜಿನವರು ಸರದಿಯಂತೆ ಬಳಸಬೇಕು ಎಂಬ ಷರತ್ತಿನ ಮೇಲೆ.

"ನವೆಂಬರ್ ಹನ್ನೆರಡಕ್ಕೆ ದೆಹಲಿಯಿಂದ ಕಮಿಟಿ ಬರ್ತಿದೆ. ಹಂಚಿಕೆ ಚೆನ್ನಾಗಿ ನಡೆದಿದೆ ಅಂತ ಅವರು ಬರೆದರೆ ಇದಕ್ಕಿಂತ ದೊಡ್ಡ ಯಂತ್ರ ಸಿಗುತ್ತೆ. ಟ್ಯೂಬಿಲ್ಲದ ಯಂತ್ರ ತೋರಿಸ್ಲಾ ನಾನು?" ಎಂದರು ವಿಶ್ವಾರಾಧ್ಯ.

"ಈ ಸುಮನಾ ಅನ್ನೋರು ಯಾರು ಸರ್?"

"ಭದ್ರಾವತಿಯ ಒಂದು ಖಾಸಗಿ ಕಾಲೇಜಲ್ಲಿ ಲೆಕ್ಚರರು. ಪಿಎಚ್‌ಡಿಗೆ ನೋಂದಾಯಿಸಿದಾಳೆ. ಸರದಿ ಕೊಡ್ಲಿಲ್ಲ ಅಂತ ನನ್ನ ಮೇಲೆ ದೆಹಲಿಗೇ ಪತ್ರ ಬರೆದ ಪುಣ್ಯಾತ್ಗಿತ್ತಿ. 'ನಮಗೆ ಸಿಗದ ಯಂತ್ರ ಯಾರಿಗೂ ಸಿಗಬಾರದು' ಅಂತ ನನ್ನ ಕೋಣೇಲೇ ಕೂಗಾಡಿ ಹೋಗಿದಾಳೆ. ಇನ್ನೇನು ಸಾಕ್ಷಿ ಬೇಕು ನಿಮಗೆ?"

ಭಾರತ ದಂಡ ಸಂಹಿತೆಯ ಕಲಂ 380ರಡಿ ಎಫ್‌ಐಆರ್ ದಾಖಲಾಯಿತು.

ಠಾಣೆಯ ಒಂದೇ ಜೀಪು ಇನ್ಸ್‌ಪೆಕ್ಟರ್ ಜತೆ ಹೊಸನಗರಕ್ಕೆ ಹೊರಟಿತ್ತು. ಬೆರಳಚ್ಚಿನವರಿಗೆ ಫೋನು ಮಾಡಿದರೆ, ಸಾಗರದಲ್ಲಿ ಮನೆಗಳ್ಳತನ, ಗುರುವಾರದ ಮೇಲೆ ನೋಡೋಣ ಎಂದರು. ತನುಜಾ ಹೆಡ್ ಕಾನ್‌ಸ್ಟೆಬಲ್ ಹೊನ್ನಯ್ಯನನ್ನು ಕರೆದುಕೊಂಡು ಆಟೋದಲ್ಲಿ ಹೋದಳು.

ಮಧ್ಯಾಹ್ನ 12.40ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಬೀಗ ಒಡೆದಿಲ್ಲ, ಕಿಟಕಿಯ ಸರಳು ಸರಿಯಿದೆ. ಕೀಲಿ ಎರಡು: ಒಂದು ಮುಖ್ಯಸ್ಥರ ಮೇಜಿನ ಡ್ರಾಯರಿನಲ್ಲಿ, ಇನ್ನೊಂದು ಯಂತ್ರ ನಡೆಸುವ ಸುಬ್ಬಲಕ್ಷ್ಮಿಯ ಬಳಿ. ಡ್ರಾಯರಿಗೆ ಬೀಗವೇ ಇರಲಿಲ್ಲ, ಯಾರು ಬೇಕಾದರೂ ಎಳೆಯಬಹುದಿತ್ತು.

ಸುಬ್ಬಲಕ್ಷ್ಮಿಗೆ ಐವತ್ತರ ಹತ್ತಿರ. ಗಂಜಿ ಹಾಕಿದ ಹತ್ತಿ ಸೀರೆ, ಬಿಗಿಯಾದ ತುರುಬು. ಫ್ಯಾನಿನ ಕೆಳಗೂ ಬೆವರುತ್ತಿದ್ದರು. ಹಣೆಯ ಕೆಂಗಪ್ಪು ಕುಂಕುಮ ಮಾತ್ರ ಒಂದಿಷ್ಟೂ ಜಾರಿರಲಿಲ್ಲ.

"ಕೊನೇ ಸಲ ಯಂತ್ರ ನೋಡಿದ್ದು ಯಾವಾಗ?"

"ಬುಧವಾರ ಸಂಜೆ. ಆಯುಧಪೂಜೆ ಮುಂಚಿತವಾಗಿ ಮಾಡಿ ಬಾಗಿಲು ಹಾಕಿದ್ವಿ. ಗುರುವಾರ, ಶುಕ್ರವಾರ ರಜೆ. ಶನಿವಾರ, ಭಾನುವಾರ ಯಾರೂ ಬರಲಿಲ್ಲ. ಇವತ್ತು ತೆಗೆದರೆ ಹೀಗೆ."

"ಯಾರೂ ಬರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಆಕೆ ಸೆರಗಿನಿಂದ ಕತ್ತು ಒರೆಸಿಕೊಂಡರು. "ರಜೆ ಅಲ್ವಾ ಮೇಡಂ."

ಕೋಣೆಯಲ್ಲಿದ್ದ ಎಲ್ಲಕ್ಕೂ ಪೂಜೆಯಾಗಿತ್ತು. ತಕ್ಕಡಿಗೆ, ಪಂಪಿಗೆ, ಸ್ಕ್ರೂಡ್ರೈವರಿಗೂ ಅಟೆಂಡರು ಕುಂಕುಮ ಇಟ್ಟಿದ್ದ. ಫ್ಯಾನಿನ ಗಾಳಿಗೆ ಅದೆಲ್ಲ ಉದುರಿ ಮೇಜಿನ ಮೇಲೆ ಕೆಂಪು ಹುಡಿಯಾಗಿತ್ತು. ಟ್ಯೂಬನ್ನು ಮುಚ್ಚುವ ಉಕ್ಕಿನ ತಗಡಿನ ಮೇಲಿನ ಬೊಟ್ಟು ಮಾತ್ರ ದುಂಡಗೆ, ಇಟ್ಟಲ್ಲೇ ಇತ್ತು. ತನುಜಾ ಅದನ್ನು ನೋಡಿದಳು. ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಹೊನ್ನಯ್ಯ ಬರೆಯುತ್ತಲೇ ಇದ್ದ. ಪಂಚನಾಮೆ ಎಂದರೆ ಅವನಿಗೆ ಕಂಡ ಅಂಕಿಯನ್ನೆಲ್ಲ ಬರೆದಿಡುವ ಚಟ. ಫ್ಯಾನಿನ ನಂಬರು, ಯಂತ್ರದ ನಂಬರು, ಅದರ ಮೂಲೆಯ ಪುಟ್ಟ ಕಿಂಡಿಯಲ್ಲಿ ಕಾಣುವ 1921.6 ಎಂಬ ಅಂಕಿ.

"ಹೊನ್ನಯ್ಯ, ಗೋಡೆ ಮೇಲಿನ ಹಲ್ಲಿಗೂ ನಂಬರ್ ಹಾಕ್ಬಿಡಿ."

"ನಗಿ ಮೇಡಂ, ನಗಿ. ಕೋರ್ಟಲ್ಲಿ ವಕೀಲರು ಹಲ್ಲಿ ಬಗ್ಗೆ ಕೇಳಿದ ದಿನ ನನ್ನ ನೆನೀತೀರಿ."

ಮರುದಿನ, 30ರಂದು, ಇಬ್ಬರೂ ಖಾಸಗಿ ಬಸ್ಸಿನಲ್ಲಿ ನಿಂತುಕೊಂಡೇ ಭದ್ರಾವತಿಗೆ ಹೋದರು. ಸುಮನಾಳ ಮನೆ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಸಾಲಿನಲ್ಲಿತ್ತು. ಪೊಲೀಸರನ್ನು ಕಂಡದ್ದೇ ಎದುರು ಮನೆಯ ತಮಿಳಿನವರ ಹೆಂಗಸು ಒಣಗಿದ ಬಟ್ಟೆಯನ್ನೇ ಮತ್ತೆ ಕೊಡವಿ ಹರವತೊಡಗಿದಳು.

ಸುಮನಾಗೆ ಮೂವತ್ತೊಂದು. ಕಾಲೇಜಿಗೆ ಹೊರಟು ನಿಂತಿದ್ದಳು.

"ರಜೆಯ ನಾಲ್ಕು ದಿನ ಎಲ್ಲಿದ್ರಿ?"

"ಮನೇಲಿ."

"ನಾಲ್ಕೂ ದಿನ?"

"ನಾಲ್ಕೂ ದಿನ."

ಒಳಗಿನಿಂದ ನೀರು ತಂದ ತಾಯಿ, "ಶನಿವಾರ ಶಿವಮೊಗ್ಗಕ್ಕೆ ಹೋಗಿದ್ಯಲ್ಲೇ, ಏಳು ಗಂಟೆ ಬಸ್ಸಿಗೆ? ಬುತ್ತಿ ಕಟ್ಟಿಕೊಟ್ಟಿದ್ನಲ್ಲ," ಅಂದುಬಿಟ್ಟರು. ಅಂದಮೇಲೆ ಮಗಳ ಮುಖ ನೋಡಿ ಲೋಟ ಹಿಡಿದುಕೊಂಡು ಅಲ್ಲೇ ನಿಂತರು.

ಪಂಚರ ಎದುರು ಮನೆ ಶೋಧಿಸಿದರು. ಟ್ಯೂಬು ಸಿಗಲಿಲ್ಲ. ಸಿಕ್ಕಿದ್ದು ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಮಾತ್ರೆಯ ಹಳೇ ಬಾಟಲಿ ಹನ್ನೊಂದು, ಒಳಗೆ ಬೂದು ಬಣ್ಣದ ಪುಡಿ. ಒಂಬತ್ತರ ಮುಚ್ಚಳದ ಮೇಣ ಒಡೆದಿತ್ತು. ಹತ್ತನೆಯದು ಮಾತ್ರ ಖಾಲಿ. ಹನ್ನೊಂದನೆಯದರ ಮೇಣ ಹಾಗೇ ಇತ್ತು.

"ಇದೇನು?"

"ಕಬ್ಬಿಣದ ಕಿಟ್ಟ. ಅಪ್ಪ ಮೂವತ್ತು ವರ್ಷ ಕುಲುಮೆ ಮುಂದೆ ನಿಂತಿದ್ರು. ಹೊರಗೆ ಎಸೆಯೋ ಆ ಕಿಟ್ಟದಿಂದ ಗಟ್ಟಿ ಸಿಮೆಂಟು ಮಾಡಬಹುದಾ ಅಂತ ನೋಡ್ತಿದೀನಿ. ಹನ್ನೊಂದು ಥರ ಮಾಡಿದೀನಿ. ಅದನ್ನ ಆ ಯಂತ್ರದಲ್ಲಿ ಓಡಿಸಬೇಕು. ಒಂದೊಂದಕ್ಕೆ ಒಂದು ಗಂಟೆ. ಹನ್ನೊಂದು ಗಂಟೆಗೆ ಹದಿನಾಲ್ಕು ತಿಂಗಳು ಕಾದಿದೀನಿ ಮೇಡಂ! ಹೋದಾಗಲೆಲ್ಲ ಮುಂದಿನ ತಿಂಗಳು. ಡಿಸೆಂಬರ್ ಮೂವತ್ತೊಂದಕ್ಕೆ ನೋಂದಣಿ ಮುಗಿಯತ್ತೆ. ಆಮೇಲೆ ಆರು ವರ್ಷದ ಕೆಲಸ ಈ ಪೆಟ್ಟಿಗೆ ಸಮೇತ ತಿಪ್ಪೆಗೆ."

"ಮತ್ತೆ ಈ ಒಂಬತ್ತು ಬಾಟಲಿ ಯಾಕೆ ತೆಗೆದಿದೆ?"

ಸುಮನಾ ಪೆಟ್ಟಿಗೆಯ ರಟ್ಟಿನ ಮುಚ್ಚಳ ಹಾಕಿದಳು. ಆಮೇಲೆ ಎಷ್ಟು ಕೇಳಿದರೂ ಒಂದೇ ಮಾತು: "ಟ್ಯೂಬು ನಾನು ಮುಟ್ಟಿಲ್ಲ."

ಕಳ್ಳತನ ಮಾಡಿದವರು ಹೆದರುವ ರೀತಿಯೇ ಬೇರೆ. ಇವಳು ಇನ್ನಾರಿಗೋ ಹೆದರುತ್ತಿದ್ದಾಳೆ, ಅಥವಾ ಇನ್ನಾರಿಗಾಗಿಯೋ ಎಂದು ತನುಜಾಗೆ ಅನಿಸಿತು. ಆದರೆ ಅನಿಸಿದ್ದನ್ನು ಕೇಸ್ ಡೈರಿಯಲ್ಲಿ ಬರೆಯಲು ಬರುವುದಿಲ್ಲ.

31ರ ಬೆಳಗ್ಗೆ ಇನ್ಸ್‌ಪೆಕ್ಟರ್ ಹೇಳಿದರು: "ಸುಳ್ಳು ಹೇಳಿದಾಳೆ, ಧಮಕಿ ಹಾಕಿದಾಳೆ, ಶನಿವಾರ ಇದೇ ಊರಿಗೆ ಬಂದಿದಾಳೆ. ಇನ್ಯಾಕೆ ಮೀನ-ಮೇಷ? ಪ್ರೊಫೆಸರು ಎಸ್ಪಿ ಸಾಹೇಬರಿಗೆ ಫೋನ್ ಮಾಡಿದಾರೆ. ಶುಕ್ರವಾರ ಸಂಜೆಯೊಳಗೆ ಅರೆಸ್ಟ್ ಆಗ್ಬೇಕು."

"ಮಾಲು ಸಿಕ್ಕಿಲ್ಲ ಸರ್."

"ಒಳಗೆ ಕೂರಿಸಿದ್ರೆ ತಾನಾಗೇ ಸಿಗತ್ತೆ."

ಪಿಎಚ್‌ಡಿ ಮಾಡುವ ಹುಡುಗಿ ಒಂದು ರಾತ್ರಿ ಲಾಕಪ್ಪಿನಲ್ಲಿ ಕಳೆದರೆ ಆಮೇಲೆ ಖುಲಾಸೆಯಾದರೂ ಅಷ್ಟೇ, ಕಾಲೇಜು ಕೆಲಸ ತೆಗೆಯುತ್ತದೆ, ಆ ಬೀದಿ ಬಾಯಿ ಮುಚ್ಚುವುದಿಲ್ಲ. ತನುಜಾಗೆ ಉಳಿದದ್ದು ಎರಡು ದಿನ. ಅದರಲ್ಲೂ ನಾಳೆ ನವೆಂಬರ್ ಒಂದು, ರಾಜ್ಯೋತ್ಸವ. ಅರ್ಧ ದಿನ ಮೈದಾನದಲ್ಲಿ ಶಾಲೆಯ ಹೆಣ್ಣುಮಕ್ಕಳ ಸಾಲು ಕಾಯಬೇಕು.

ಕಾದಳು. ಬಿಸಿಲಲ್ಲಿ ನಿಂತು ಒಳಗೊಳಗೇ ಕುದಿಯುತ್ತ ಕಾದಳು. ಬೆಳಗ್ಗೆ ಹೊರಡುವಾಗ ತಾಯಿ ಪದ್ಮಮ್ಮ ಹಬ್ಬದ ದಿನವೆಂದು ಅವಳ ಹಣೆಗೂ ಕುಂಕುಮ ಇಟ್ಟಿದ್ದರು. ಒಂಬತ್ತೂವರೆಗೆಲ್ಲ ಅದು ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಕರವಸ್ತ್ರದಲ್ಲಿ ಒರೆಸಿಕೊಳ್ಳುವಾಗ ತಾಯಿಯ ಹಣೆ ನೆನಪಾಯಿತು. ಅಮ್ಮನ ಬೊಟ್ಟು ಯಾವತ್ತೂ ಇಳಿಯದು. ಭರಣಿಯ ಒಂದು ಬದಿಯಲ್ಲಿ ಮೇಣ, ಇನ್ನೊಂದು ಬದಿಯಲ್ಲಿ ಕುಂಕುಮ. ಮೊದಲು ಮೇಣ ಒತ್ತಿ, ಮೇಲೆ ಕುಂಕುಮ ಅದುಮುವುದು.

ಮೈದಾನದಲ್ಲಿ ನಾಡಗೀತೆ ಶುರುವಾಗಿತ್ತು. ತನುಜಾಗೆ ಕಂಡದ್ದು ಫ್ಯಾನಿನ ಗಾಳಿಗೂ ಉದುರದ, ಉಕ್ಕಿನ ತಗಡಿಗೆ ಅಂಟಿದ ಆ ದುಂಡು ಬೊಟ್ಟು.

ಮಧ್ಯಾಹ್ನ 1.30ಕ್ಕೆ ಬಂದೋಬಸ್ತು ಮುಗಿಯಿತು. ಊಟ ಬಿಟ್ಟು ಹೊನ್ನಯ್ಯನ ಜತೆ ಕಾಲೇಜಿಗೆ ಹೋದಳು. ವಾಚ್‌ಮನ್‌ನಿಂದ ಫೋನ್ ಮಾಡಿಸಿ ಮುಖ್ಯಸ್ಥರನ್ನು ಕರೆಸಿದಳು. ಬೊಟ್ಟನ್ನು ಬ್ಲೇಡಿನ ತುದಿಯಿಂದ ಮೀಟಿದಾಗ ಕೆಳಗೆ ಹಳದಿ ಮೇಣ. ಅಟೆಂಡರು ಇಟ್ಟದ್ದಲ್ಲ, ಬೆವರಿಗೂ ಜಾರದ ಸುಬ್ಬಲಕ್ಷ್ಮಿಯ ಹಣೆಯ ಬೊಟ್ಟಿನಂಥದ್ದು. ಪಂಚರ ಸಮಕ್ಷಮ ಕಾಗದದಲ್ಲಿ ಮಡಿಸಿ ಸೀಲು ಹಾಕಿದಳು. ಹೊನ್ನಯ್ಯ ಅಷ್ಟರಲ್ಲಿ ಯಂತ್ರದ ಪಕ್ಕದ ದಿನಚರಿ ಪುಸ್ತಕ ತೆರೆದಿದ್ದ.

"ಮೇಡಂ, ಇಲ್ನೋಡಿ. ಅಕ್ಟೋಬರ್ 24, ಸುಬ್ಬಲಕ್ಷ್ಮಿ ಅಮ್ಮನೋರ ಕೈಬರಹ. 'ಶ್ರೀ. ಪೂಜೆ ಆಯಿತು. ಯಂತ್ರಕ್ಕೆ ವಿಶ್ರಾಂತಿ. 1912.4.' ಸೋಮವಾರ ನಾನು ಬರೆದಿದ್ದು 1921.6."

"ಸರ್, ಈ ಅಂಕಿ ಏನು?"

"ಅದು ಯಂತ್ರ ಎಷ್ಟು ಗಂಟೆ ಓಡಿದೆ ಅನ್ನೋ ಮೀಟರು," ಎಂದ ವಿಶ್ವಾರಾಧ್ಯರು ತಾವೇ ಬಗ್ಗಿ ನೋಡಿದರು.

ಪೂಜೆಯಾದ ಮೇಲೆ ಒಂಬತ್ತು ಗಂಟೆ ಚಿಲ್ಲರೆ. ಟ್ಯೂಬು ಕದಿಯಲು ಬಂದ ಕಳ್ಳ ಒಂಬತ್ತು ಗಂಟೆ ಯಂತ್ರ ಓಡಿಸಿ ಆಮೇಲೆ ಕದಿಯುತ್ತಾನೆಯೇ? ತನುಜಾ ಇನ್ನೊಂದು ಪುಸ್ತಕ ಎಳೆದುಕೊಂಡಳು. ಅದು ಸರದಿಯ ರಿಜಿಸ್ಟರು. ಅದರ ಪ್ರಕಾರ ಐದು ಕಾಲೇಜಿನವರು ವಾರವಿಡೀ ಬಂದಿದ್ದರು, ತಿಂಗಳುಗಟ್ಟಲೆ, ಎಲ್ಲ ಒಂದೇ ಪೆನ್ನಿನಲ್ಲಿ.

"ದಿನಾ ಎಂಟು ಗಂಟೆ ಅಂದ್ರೆ ಏಳು ವರ್ಷಕ್ಕೆ ಮೀಟರು ಹದಿನೈದು ಸಾವಿರ ದಾಟಬೇಕಿತ್ತು ಸರ್. ಎರಡು ಸಾವಿರಕ್ಕೂ ಬಂದಿಲ್ಲ."

"ಅದೆಲ್ಲ ತಾಂತ್ರಿಕ ವಿಷಯ, ನಿಮಗೆ ಅರ್ಥ ಆಗಲ್ಲಮ್ಮ. ಬಂದವರಿಗೆಲ್ಲ ಕೊಟ್ರೆ ಹಾಳಾಗತ್ತೆ. ನನ್ನ ಕಾಲದಲ್ಲಿ ಇಂಥದೊಂದನ್ನ ಕಣ್ಣಲ್ಲಿ ನೋಡೋಕೂ ಬೆಂಗಳೂರಿಗೆ ಹೋಗ್ಬೇಕಿತ್ತು. ಇದನ್ನ ಈ ಊರಿಗೆ ತಂದೋನು ನಾನು. ಕಾಪಾಡ್ಕೊಂಡು ಬಂದಿದೀನಿ. ತಪ್ಪಾ?"

ಅವರ ಸ್ವರದಲ್ಲಿ ಕಪಟವಿರಲಿಲ್ಲ. ತನುಜಾಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ. ಯಂತ್ರವನ್ನು ಬೀಗ ಹಾಕಿ ಇಟ್ಟದ್ದಕ್ಕೆ ಅವಳಿಗೆ ತಿಳಿದ ಯಾವ ಕಲಮೂ ಇರಲಿಲ್ಲ, ದೂರು ಕೊಟ್ಟವರೂ ಇರಲಿಲ್ಲ. ಎರಡೂ ಪುಸ್ತಕ ಜಪ್ತಿ ಮಾಡಿದಳು.

ಸುಬ್ಬಲಕ್ಷ್ಮಿ ಮಂಗಳವಾರದಿಂದ ರಜೆ ಹಾಕಿದ್ದರು. ದಿನಚರಿಯಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಹೆಸರಿತ್ತು: 'ನೀರಿನ ಪಂಪು ರಿಪೇರಿ, ಭೂತಪ್ಪ, ಭದ್ರಾವತಿ.'

ಸಂಜೆ 5.15ಕ್ಕೆ ಭೂತಪ್ಪನ ಶೆಡ್ಡು ಸಿಕ್ಕಿತು. ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡುತ್ತಿದ್ದು ನಿವೃತ್ತನಾದವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚಿ ಕೂತಿದ್ದ.

"ಸುಬ್ಬಲಕ್ಷ್ಮಿ ಅನ್ನೋರು ಇತ್ತೀಚೆಗೆ ಬಂದಿದ್ರಾ?"

"ಬಂದಿದ್ರು ತಾಯಿ, ಭಾನುವಾರ. ಟರ್ಕಿ ಟವೆಲಲ್ಲಿ ಕೂಸು ಸುತ್ತಿದ ಹಾಗೆ ಸುತ್ಕೊಂಡು. 'ಭೂತಪ್ಪ, ಹೆಂಗಾದ್ರೂ ಮಾಡಿ ಇದನ್ನ ಬದುಕಿಸ್ಕೊಡು ಮಾರಾಯ' ಅಂತ ಅತ್ರು. ನಾನೇನು ಮಾಡ್ಲಿ? ಬಲ್ಬು ಇದ್ದ ಹಾಗೆ ಅದು, ಸುಟ್ರೆ ಸುಡ್ತು. ತಣ್ಣಗಿಡೋ ನೀರಿಲ್ದೆ ಓಡಿದೆ, ಒಳಗಿನ ತಾಮ್ರ ಕರಗೋಗಿದೆ."

"ನೀರು ನಿಂತ್ರೆ ಯಂತ್ರ ತಾನೇ ನಿಲ್ಲಲ್ವಾ?"

"ನಿಲ್ಲೋ ಸ್ವಿಚ್ಚು ಕೆಟ್ಟು ಎರಡು ವರ್ಷ ಆಯ್ತು. ವೈರು ನೇರ ಕೊಟ್ಟು ನಡೆಸ್ತಿದ್ರು. ಹೊಸದಕ್ಕೆ ಅಮ್ಮ ಬರೆದೂ ಬರೆದೂ ಸಾಕಾದ್ರು. ಯಂತ್ರ ಕೊಳ್ಳೋಕೆ ದೆಹಲಿ ಹಣ ಕೊಡ್ತಂತೆ, ರಿಪೇರಿಗೆ ಕೊಡ್ಲಿಲ್ವಂತೆ. ಎಮ್ಮೆ ಕೊಡಿಸಿ ಹುಲ್ಲಿಗೆ ದುಡ್ಡಿಲ್ಲ ಅಂದಂಗಾಯ್ತು!"

ನವೆಂಬರ್ 2, ಶುಕ್ರವಾರ, ಬೆಳಗ್ಗೆ 8.20. ರವೀಂದ್ರನಗರದ ಮಹಡಿ ಮನೆಯ ಎರಡು ಕೋಣೆ. ಬಾಗಿಲು ತೆರೆದ ಸುಬ್ಬಲಕ್ಷ್ಮಿ ಸ್ನಾನ ಮಾಡಿ ಸಿದ್ಧವಾಗಿದ್ದರು, ಕೈಚೀಲವೂ ತುಂಬಿತ್ತು.

"ಒಳಗೆ ಬನ್ನಿ. ನಾನೇ ಬರೋಳಿದ್ದೆ. ಅಂದ್ರೆ... ದಿನಾ ಬರೋಳಿದ್ದೆ."

"ಸುಮನಾ ಮೇಲೆ ಅನುಮಾನ ಅಂತ ನಿಮಗೆ ಸೋಮವಾರವೇ ಗೊತ್ತಿತ್ತು."

"ಗೊತ್ತಿತ್ತು."

"ನಾಲ್ಕು ದಿನ ಸುಮ್ಮನಿದ್ರಿ."

"ಸುಮ್ಮನಿದ್ದೆ." ಆಕೆ ಹೊಸಿಲ ಮೇಲೆ ಕೂತುಬಿಟ್ಟರು. "ಕಳ್ಳತನ ಅಂದ್ರೆ ಯಾರೋ ಕಳ್ಳ ಅಂತಾಗತ್ತೆ, ಯಾರ ಹೆಸರೂ ಬರಲ್ಲ ಅನ್ಕೊಂಡೆ. ನಿಮಗೆ ನಗು ಬರಬಹುದು. ಅವಳ ಹೆಸರು ಬಂದಾಗ ನಾಲಿಗೆಯೇ ಏಳಲಿಲ್ಲ. ತಾತ್ಕಾಲಿಕ ಕೆಲಸ ಮೇಡಂ ನಂದು, ಏಳು ವರ್ಷದಿಂದ. ಆರು ತಿಂಗಳಿಗೊಮ್ಮೆ ಹೊಸ ಆರ್ಡರು."

ಶನಿವಾರ ಬೆಳಗ್ಗೆ ಎಂಟಕ್ಕೆ ಅವರು ಸುಮನಾಳನ್ನು ಕದ್ದು ಒಳಗೆ ಬಿಟ್ಟುಕೊಂಡಿದ್ದರು. ಅವಳೊಬ್ಬಳೇ ಅಲ್ಲ. ಸರದಿ ಸಿಗದೆ ಅಳುತ್ತ ನಿಂತವರನ್ನು ಹೀಗೆ ರಜೆಯ ದಿನ ಕರೆಸಿ, ರಿಜಿಸ್ಟರಿಗೆ ಹತ್ತಿಸದೆ ಓಡಿಸಿಕೊಟ್ಟದ್ದು ವರ್ಷಗಳಿಂದ ಇತ್ತು. ಪೂಜೆಯಾದ ಯಂತ್ರವನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲ, ಅದಕ್ಕೇ ಶನಿವಾರ. ಸಂಜೆ ಐದಕ್ಕೆ ಒಂಬತ್ತು ಪುಡಿ ಮುಗಿದು ಹತ್ತನೆಯದು ಹಚ್ಚಿದ್ದರು. ಸುಮನಾಳ ಬಸ್ಸಿಗೆ ಹೊತ್ತಾಯಿತು. ಹತ್ತನೆಯದೂ ಮುಗಿದ ಮೇಲೆ ಯಂತ್ರ ಗೆರೆ ಎಳೆದ ಚಾರ್ಟುಗಳನ್ನೆಲ್ಲ ಒಟ್ಟಿಗೆ ಕೊಡುವುದೆಂದಾಯಿತು. ಗೇಟಿನವರೆಗೆ ದಾರಿ ನಿರ್ಜನವೆಂದು ಇವರೂ ಜತೆಗೆ ಹೋದರು. ಹದಿನೈದು ನಿಮಿಷ, ಹೆಚ್ಚಿಲ್ಲ. ಅದೇ ಹೊತ್ತಿಗೆ ಯಾರೋ ಕೆಳಗೆ ಕಾಲೇಜು ಬಸ್ಸುಗಳ ಮುಂದೆ ಒಡೆದಿದ್ದ ಬೂದುಗುಂಬಳದ ಕೆಂಪು ಕಲೆ ತೊಳೆಯಲು ಪೈಪು ಬಿಟ್ಟು, ಯಂತ್ರಕ್ಕೂ ನೀರು ಹೋಗುವ ಟ್ಯಾಂಕು ಖಾಲಿ ಮಾಡಿದ್ದರು.

"ವಾಪಸ್ ಬಂದಾಗ ಸುಟ್ಟ ವಾಸನೆ. ಟ್ಯೂಬು ಬಿಚ್ಚಿದೆ. ತಗಡು ಮುಚ್ಚಿದ ಮೇಲೆ ನೋಡ್ತೀನಿ, ನನ್ನ ಕೈ ತಾಗಿ ಪೂಜೆಯ ಕುಂಕುಮವೆಲ್ಲ ಅಳಿಸಿ ಹೋಗಿದೆ. ಬರಿ ಹಣೆ. ಹಾಗೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

"ನಿಮ್ಮ ಭರಣಿಯಿಂದ ಇಟ್ರಿ."

"ಇಟ್ಟೆ. ಕ್ಷಮಿಸು ಅಂತ ಹೇಳ್ಕೊಂಡು ಇಟ್ಟೆ."

ಅಕ್ಕಿ ಡಬ್ಬಿಯೊಳಗಿಂದ ಟವೆಲಿನ ಗಂಟು ಬಂತು. ಬೀರುವಿನಲ್ಲಿ ರೇಷ್ಮೆ ಸೀರೆಯ ಚೀಲದೊಳಗಿಂದ ಉದ್ದನೆಯ ಚಾರ್ಟು ಕಾಗದದ ಹತ್ತು ಸುರುಳಿ. ಒಂದೊಂದರ ಮೇಲೂ ಸುಮನಾಳ ಹೆಸರು, ದಿನಾಂಕ. ಹೊನ್ನಯ್ಯ ಮಹಜರು ಬರೆದ. ಸುರುಳಿಗಳೂ ಜಪ್ತಿಯಾದವು, ಪೂಜೆಯ ನಂತರ ಯಂತ್ರ ಓಡಿತ್ತೆಂಬುದಕ್ಕೆ ಅವೇ ಪುರಾವೆ. ಬೆಳಗ್ಗೆ 9.45ಕ್ಕೆ ದಸ್ತಗಿರಿ. ಕಲಂ 381 ಎಂದು ಬದಲಾಯಿತು, ಮಾಲೀಕರ ವಸ್ತುವನ್ನು ನೌಕರರು ಕದ್ದದ್ದು.

ದಸ್ತಗಿರಿ ಪತ್ರದಲ್ಲಿ ವಿದ್ಯಾರ್ಹತೆಯ ಕಾಲಮ್ಮಿತ್ತು.

"ಎಂಎಸ್ಸಿ. ಮೈಸೂರು, 1976."

"ಆಮೇಲೆ?"

"ಪಿಎಚ್‌ಡಿಗೆ ಸೇರಿದ್ದೆ. ಏಳು ಸ್ಯಾಂಪಲ್ ಇತ್ತು ನಂದು. ಇಂಥದೇ ಯಂತ್ರ, ಬೇರೆ ಊರಲ್ಲಿ. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ನಾಲ್ಕು ವರ್ಷ. ನೋಂದಣಿ ಮುಗೀತು." ಸುಬ್ಬಲಕ್ಷ್ಮಿ ಸಹಿ ಹಾಕಲು ಪೆನ್ನು ತೆಗೆದುಕೊಂಡರು. "ಬರೀಬೇಡಿ ಅದನ್ನ. ಎಂಎಸ್ಸಿ ಅಂತಷ್ಟೇ ಬರೀರಿ."

ತನುಜಾ ಅಷ್ಟೇ ಬರೆದಳು.

ಮಧ್ಯಾಹ್ನ ನ್ಯಾಯಾಲಯ ಜಾಮೀನು ಕೊಟ್ಟಿತು. ಜಾಮೀನಿಗೆ ನಿಂತವನು ಭೂತಪ್ಪ.

ನವೆಂಬರ್ 5, ಸೋಮವಾರ. ಸುಮನಾ ಠಾಣೆಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು.

"ಮೇಡಂ, ಅವರನ್ನ ಬಿಟ್ಬಿಡಿ ಅಂತ ಕೇಳಕ್ಕಾಗಲ್ಲ, ಗೊತ್ತು. ನನ್ನ ಚಾರ್ಟುಗಳನ್ನಾದ್ರೂ ಕೊಡ್ತೀರಾ? ಒಂಬತ್ತಿದ್ರೂ ಸಾಕು, ಬರೆದು ಒಪ್ಪಿಸ್ತೀನಿ."

"ಅವು ಕೇಸಿನ ಮುದ್ದೆಮಾಲು. ಕೋರ್ಟಿಗೆ ಅರ್ಜಿ ಹಾಕ್ಬೇಕು."

"ಎಷ್ಟು ದಿನ ಆಗತ್ತೆ?"

"ಮುಂದಿನ ತಿಂಗಳು—"

ತನುಜಾ ಅಲ್ಲಿಗೇ ನಿಲ್ಲಿಸಿದಳು. ಮುದ್ದೆಮಾಲು ಕೋಣೆಯ ಕೀಲಿ ಅವಳ ಮೇಜಿನ ಮೇಲೆಯೇ ಇತ್ತು, ಕೈಯಳತೆಯಲ್ಲಿ. ಅದನ್ನು ಎತ್ತಿಕೊಂಡು ಹೊನ್ನಯ್ಯನನ್ನು ಕೂಗಿದಳು.

"ಚಾರ್ಟುಗಳನ್ನ ತಗೊಳ್ಳಿ. ಫೈಲಿಗೆ ನಕಲು ಬೇಕು, ಗಾಂಧಿ ಬಜಾರಿಗೆ ಹೋಗೋಣ. ಸ್ಟೇಷನ್ ಡೈರೀಲಿ ಹೊರಟ ಹೊತ್ತು ಬರೀರಿ."

"ಎಷ್ಟು ಪ್ರತಿ ಮೇಡಂ?"

"ಎರಡು."

ಹೊನ್ನಯ್ಯ ಸುಮನಾಳ ಕಡೆಗೊಮ್ಮೆ ನೋಡಿ, ಇನ್ನೇನೂ ಕೇಳದೆ ಟೋಪಿ ಹಾಕಿಕೊಂಡ. ಅಂಕಿಯೆಂದರೆ ಪ್ರಾಣ ಬಿಡುವ ಮನುಷ್ಯ ಆ ದಿನದ ಡೈರಿಯಲ್ಲಿ 'ನಕಲು ಮಾಡಿಸಲಾಯಿತು' ಎಂದಷ್ಟೇ ಬರೆದ.

ಚಾರ್ಟು ಕಾಗದ ಮಾರುದ್ದ. ಜೆರಾಕ್ಸ್ ಅಂಗಡಿಯವನು ಗೊಣಗುತ್ತ ತುಂಡು ತುಂಡಾಗಿ ತೆಗೆದ. ಸುಮನಾ ಬಟ್ಟೆಯಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಅವನ್ನು ಗೋಂದಿನಲ್ಲಿ ಜೋಡಿಸಿದಳು. ಒಂಬತ್ತು ಕಾಗದದ ಮೇಲೂ ಸಾಲಾಗಿ ಗುಡ್ಡಗಳಂತೆ ಏರಿಳಿಯುವ ಗೆರೆ. ಹತ್ತನೆಯದರಲ್ಲೂ ಎರಡು ಗುಡ್ಡ ಎದ್ದಿದ್ದವು, ಮೂರನೆಯದು ಅರ್ಧ ಏರಿತ್ತು. ಅಲ್ಲಿಂದ ಮುಂದೆ ಕಾಗದ ಮುಗಿಯುವವರೆಗೂ, ಗೇಟಿನಿಂದ ಸುಬ್ಬಲಕ್ಷ್ಮಿ ಹಿಂತಿರುಗಿ ಬರುವವರೆಗೂ, ಪೆನ್ನು ಒಂದೇ ನೇರ ಗೆರೆ ಎಳೆದಿತ್ತು.